ನಡುಕದ ವಹಿ

ಭೂತಾಯಿ,

ಹೊತ್ತು ಇನ್ನೂ ಹರಿದಿಲ್ಲ. ಇಂದು ಡಿಸೆಂಬರ್ 11. ಪುಣೆ ಕ್ಯಾಂಪಿನ ಈ ಓಣಿಗೆ ಹಾಲಿನವನೂ ಬಂದಿಲ್ಲ, ಬೇಕರಿಯ ಭಟ್ಟಿಯ ವಾಸನೆಯೂ ಎದ್ದಿಲ್ಲ. ಕಿಟಕಿಯಾಚೆ ಯೆಹೂದ್ಯರ ಲಾಲ್ ದೇವುಳದ ಗೋಪುರ ಕಪ್ಪಗೆ ನಿಂತಿದೆ. ಹಾಸಿಗೆಯಿಂದ ಕಾಲಿಳಿಸುವ ಮೊದಲು ನಿನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೇನೆ. ದಿನವಿಡೀ ತುಳಿಯುತ್ತೇನೆ, ಸಿಟ್ಟಾಗಬೇಡ ಎಂದು ಕೇಳಿಕೊಳ್ಳುವುದು ಅಜ್ಜಿ ಕಲಿಸಿದ ರೂಢಿ. ಉಳಿದ ದಿನಗಳಲ್ಲಿ ಅಷ್ಟಕ್ಕೇ ಮುಗಿಯುತ್ತದೆ. ಈ ಒಂದು ದಿನ ಮಾತ್ರ ನಾಲ್ಕು ಗಂಟೆಗೇ ಎದ್ದು, ಅಡುಗೆಮನೆಯ ನೆಲದ ಮೇಲೆ ತಂಬಿಗೆ ತುಂಬ ನೀರಿಟ್ಟು, ಅದರ ಮುಂದೆ ಕೂರುತ್ತೇನೆ.

ನಿವೇದನೆ ಅನ್ನುವ ಮಾತಿಗೆ ಎರಡು ಮುಖ. ದೇವರ ಮುಂದೆ ಮಾಡಿದರೆ ಅರಿಕೆ, ಸಾಹೇಬರ ಮುಂದೆ ಮಾಡಿದರೆ ವರದಿ. ಮೂವತ್ತೈದು ವರ್ಷ ಲೆಕ್ಕಪತ್ರಗಳ ನಡುವೆ ಕೂತೆದ್ದವಳು ನಾನು. ಇವೆರಡನ್ನೂ ಬಿಡಿಸಿ ನೋಡಲು ನನಗೆ ಬರುವುದಿಲ್ಲ. ಮೊದಲು ಲೆಕ್ಕ ಒಪ್ಪಿಸುತ್ತೇನೆ. ಬೇಡುವುದನ್ನು ಆಮೇಲೆ ಬೇಡುತ್ತೇನೆ.

1967ರ ಡಿಸೆಂಬರ್ 11, ಸೋಮವಾರ, ನಸುಕಿನ 4 ಗಂಟೆ 21 ನಿಮಿಷ. ನನಗಾಗ ಒಂಬತ್ತು ವರ್ಷ. ನಾವಿದ್ದದ್ದು ಇದೇ ಕ್ಯಾಂಪಿನಲ್ಲಿ, ಕಟ್ಟಿಗೆ ಮೆಟ್ಟಿಲಿನ ಹಳೆಯ ಕಟ್ಟಡವೊಂದರ ಮಾಳಿಗೆಯ ಎರಡು ಕೋಣೆಗಳಲ್ಲಿ. ಅಪ್ಪ ಜಮಖಂಡಿ ಕಡೆಯವರು, ಮೇನ್ ಸ್ಟ್ರೀಟಿನ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತರು. ಆ ನಸುಕಿನಲ್ಲಿ ಮೊದಲು ಎಚ್ಚರವಾದದ್ದು ಅವ್ವನಿಗೆ. "ಏಳ್ರೀ, ಕಳ್ಳ ಹೊಕ್ಕಾನ. ಅಡಗಿಮನ್ಯಾಗ ಭಾಂಡೆ ಬೀಳಾಕತ್ತಾವ" ಅಂದಳು. ಅಪ್ಪ ಎದ್ದು ಕೂತು ಒಂದು ಗಳಿಗೆ ಕಿವಿಗೊಟ್ಟರು. "ಕಳ್ಳ ಅಲ್ಲ, ನೆಲ ನಡಗಾಕತ್ತೈತಿ. ಹುಡುಗೂರ್ನ ಎತ್ತಿಕೋ, ಹೊರಗ ನಡಿ." ಮೆಟ್ಟಿಲು ಇಳಿಯುವಾಗ ಅದು ಕಾಲ ಕೆಳಗೆ ಜೋಲಿ ಹೊಡೆದದ್ದು ನನ್ನ ಪಾದಕ್ಕೆ ಇಂದಿಗೂ ನೆನಪಿದೆ. ಓಣಿಯಲ್ಲಿ ಎಲ್ಲರೂ ಇದ್ದರು: ಕೆಳಗಿನ ಮನೆಯ ಪಾರ್ಸಿ ಅಜ್ಜಿ, ಎದುರಿನ ಬೋಹ್ರಾ ಕುಟುಂಬ, ಮೂಲೆಯ ಗೋವಾದ ಮೇಸ್ತ್ರಿ. ಒಬ್ಬೊಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ನಿನ್ನನ್ನೇ ಕರೆಯುತ್ತಿದ್ದರು.

ಮೇಲೆ ಬಂದಾಗ ಗೋಡೆಯ ಲೋಲಕದ ಗಡಿಯಾರ ನಿಂತಿತ್ತು. ಅವ್ವ ಅದನ್ನು ತಿರುಗಿ ನಡೆಸಲು ಕೈ ಚಾಚಿದಳು. ಅಪ್ಪ ತಡೆದರು. "ತಡಿ, ಮೊದ್ಲ ಬರಕೊಳ್ಳೂಣು." ಕೆಂಪು ಬಟ್ಟೆ ಹೊದಿಸಿದ ಹೊಸ ವಹಿಯೊಂದನ್ನು ತೆಗೆದು, ಅಂಗಡಿಯ ಕಿರ್ದಿ ಬರೆಯುವಂತೆ ಮೇಲೆ ಶ್ರೀಕಾರ ಹಾಕಿ, ತಾರೀಖು ಹಾಕಿ, ಮುಳ್ಳುಗಳು ನಿಂತ ವೇಳೆ ಬರೆದರು. ಯಾವ ಗೋಡೆಯ ಮೇಲಿನ ಪಾತ್ರೆಗಳು ಬಿದ್ದವು, ಯಾವುದರ ಮೇಲಿನವು ಬೀಳಲಿಲ್ಲ, ತೂಗುದೀಪ ಯಾವ ಕಡೆಯಿಂದ ಯಾವ ಕಡೆಗೆ ತೂಗಿತು ಎಂಬುದನ್ನೂ ಬರೆದರು. ಮುಂದಿನ ಎರಡು ತಿಂಗಳು ರಾತ್ರಿ ಮಲಗುವ ಮುನ್ನ ಒಂದು ತಂಬಿಗೆಯನ್ನು ಕಂಠಮಟ್ಟ ತುಂಬಿ ನೆಲದ ಮೇಲಿಡುವುದು, ಎಚ್ಚರವಾದಾಗಲೆಲ್ಲ ಕಂದೀಲು ಹಿಡಿದು ನೋಡುವುದು, ಬರೆಯುವುದು. ನೀರು ಅಲುಗಿತು, ಚೆಲ್ಲಲಿಲ್ಲ. ನೀರು ಅಲುಗಲಿಲ್ಲ. ಅಲುಗದ ರಾತ್ರಿಗಳನ್ನೂ ಯಾಕೆ ಬರೆಯುತ್ತೀರಿ ಎಂದು ಅವ್ವ ನಕ್ಕರೆ, "ವ್ಯಾಪಾರ ಆಗಲಾರದ ದಿನಾನೂ ಕಿರ್ದ್ಯಾಗ ಇರಬೇಕಲ್ಲ" ಅನ್ನುವರು.

ತಾಯಿ, ಆ ನಸುಕಿನಲ್ಲಿ ನೀನು ಆಡಿದ ಮಾತು ಅಪ್ಪನ ಗಡಿಯಾರಕ್ಕಿಂತ ಬಹಳ ಚೆನ್ನಾಗಿ ಇನ್ನೊಂದು ಕಡೆ ಬರಹಕ್ಕೆ ಇಳಿದಿತ್ತು. ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಖಡಕವಾಸ್ಲಾದಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದ ಧಾರವಾಡದ ಹಿರಿಯರೊಬ್ಬರಿಂದ. ಖಡಕವಾಸ್ಲಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ 1916ರಷ್ಟು ಹಳೆಯದು. ಕೊಯ್ನಾ ಅಣೆಕಟ್ಟಿನ ಸುತ್ತ ಕಂಪನ ಅಳೆಯುವ ಕೆಲಸ ಆ ಕೇಂದ್ರದ್ದಾಗಿತ್ತು.

ಕೊಯ್ನೆ ನಮಗೆ ಪರಕೀಯಳಲ್ಲ. ಮಹಾಬಳೇಶ್ವರದಲ್ಲಿ ಹುಟ್ಟಿ, ಕರಾಡದಲ್ಲಿ ಕೃಷ್ಣೆಯನ್ನು ಕೂಡಿ, ಅಪ್ಪನ ಊರ ಹೊಲಗಳ ಬದಿಗೇ ಬರುತ್ತಾಳೆ. ಮಳೆಗಾಲದಲ್ಲಿ "ಕೊಯ್ನಾದಿಂದ ನೀರು ಬಿಟ್ಟಾರಂತ" ಎಂಬ ಸುದ್ದಿ ಬಂದರೆ ಹೊಳೆದಂಡೆಯ ಊರುಗಳು ದನಕರು ಬಿಚ್ಚಿಕೊಂಡು ಏರುಭೂಮಿಗೆ ನಡೆಯುತ್ತವೆ. 103 ಮೀಟರು ಎತ್ತರದ ಆ ಅಣೆಕಟ್ಟಿನ ಹಿಂದೆ 1962ರ ಸುಮಾರಿಗೆ ನೀರು ನಿಲ್ಲತೊಡಗಿತು. ನೀರು ನಿಂತ ಮೇಲೆ ನೀನು ಆಗಾಗ ಮಿಸುಕತೊಡಗಿದೆ. ಅದುವರೆಗೆ ದಖ್ಖನಿನ ಈ ಕರಿಗಲ್ಲಿನ ನಾಡು ಅಲುಗದ ನಾಡು ಎಂದೇ ಪಂಡಿತರ ನಂಬಿಕೆ. 1962ರಲ್ಲಿ ದೇಶಕ್ಕೆ ಮೊದಲ ಭೂಕಂಪ ಸಂಹಿತೆ ಬಂದಾಗ ಅದರ ನಕಾಶೆಯಲ್ಲಿ ಕೊಯ್ನಾ ಇದ್ದದ್ದು ಸೊನ್ನೆ ವಲಯದಲ್ಲಿ. ಆದರೂ ಯಾರೋ ಪುಣ್ಯವಂತರು ಸೊನ್ನೆಯನ್ನು ಪೂರ್ತಿ ನಂಬದೆ, ಅಣೆಕಟ್ಟಿನ ಹೊಟ್ಟೆಯೊಳಗಿನ ಸುರಂಗದಾರಿಯಲ್ಲಿ, ಬಲದಂಡೆಯ ಕಡೆಯ 1-ಎ ಎಂಬ ಕಟ್ಟಿನಲ್ಲಿ, ವೇಗೋತ್ಕರ್ಷ ಬರೆಯುವ ಯಂತ್ರವೊಂದನ್ನು ಕೂರಿಸಿದ್ದರು.

ಆ ಯಂತ್ರದ ಗುಣ ಬೇರೆ. ಇಲ್ಲಿ ಶಿವಾಜಿನಗರದಲ್ಲಿ, ಪುಣೆಯ ಮಂದಿ ಇಂದಿಗೂ ಸಿಮ್ಲಾ ಆಫೀಸು ಅನ್ನುವ ಹವಾಮಾನ ಇಲಾಖೆಯವರ ಕಂಪನಮಾಪಕವೂ ಇತ್ತು. 1960ರ ದಶಕದಲ್ಲಿ ಜಗತ್ತಿನ ನೂರಕ್ಕೂ ಹೆಚ್ಚು ಠಾಣೆಗಳಿಗೆ ಒಂದೇ ಮಾದರಿಯ ಯಂತ್ರ ಹಂಚಿದಾಗ ಪುಣೆಗೂ ಒಂದು ಬಂತು. 'ಪಿಓಓ' ಎಂಬ ಮೂರಕ್ಷರದಲ್ಲಿ ಹಳೆಯ 'ಪೂನಾ' ಜಗತ್ತಿನ ದಫ್ತರದೊಳಗೆ ಉಳಿಯಿತು. ಅದು ದೂರದ ಪಿಸುಮಾತಿಗೆ ಕಿವಿಗೊಡುವ ಯಂತ್ರ. ಹಗಲೂ ರಾತ್ರಿ ಎಚ್ಚರ. ಸಮುದ್ರದಾಚೆಯ ದೇಶ ನಡುಗಿದರೂ ಬರೆದೀತು. ಆದರೆ ಪಕ್ಕದಲ್ಲೇ ನೀನು ಗದರಿದರೆ ಅದರ ಗೆರೆ ಕಾಗದದ ಅಂಚು ದಾಟಿ ಹೋಗುತ್ತದೆ. ಅಣೆಕಟ್ಟಿನೊಳಗಿನದು ಬಾಗಿಲಲ್ಲಿ ಮಲಗಿದ ನಾಯಿಯ ಹಾಗೆ. ವರ್ಷಗಟ್ಟಲೆ ಕಣ್ಣುಮುಚ್ಚಿ ಬಿದ್ದಿರುತ್ತದೆ. ನೆಲ ಒಂದು ಮಿತಿ ಮೀರಿ ಅಲುಗಿದೊಡನೆ ಎದ್ದು, ಬೆಳಕಿನ ಕಡ್ಡಿಯಿಂದ ಫೋಟೋ ಕಾಗದದ ಮೇಲೆ ಮೂರು ಗೆರೆ ಎಳೆಯುತ್ತದೆ: ಉದ್ದಕ್ಕೊಂದು, ಅಡ್ಡಕ್ಕೊಂದು, ಮೇಲೆ-ಕೆಳಗಿನದೊಂದು. ಎಚ್ಚರಾಗುವಷ್ಟರಲ್ಲಿ ಮೊದಲ ಮಾತು ಕೈತಪ್ಪಿರುತ್ತದೆ. ಆ ಕಾಲದ ಎಲ್ಲ ಯಂತ್ರಗಳದೂ ಅದೇ ಕೊರತೆ. ಆದರೆ ನಿನ್ನ ಗದರಿಕೆಯ ನಡುಭಾಗ ಒಂದಕ್ಷರ ಬಿಡದೆ ಅದರ ಕೈಗೆ ಸಿಗುತ್ತದೆ.

ಆ ನಸುಕಿನಲ್ಲಿ ಅದು ಎದ್ದಿತು, ಬರೆಯಿತು. ನೀನು ನಮ್ಮನ್ನು ಕೆಳಗೆ ಹಿಡಿದಿಟ್ಟ ಬಲವನ್ನು ಒಂದು ಎಂದು ಎಣಿಸಿದರೆ, ಅಣೆಕಟ್ಟಿನ ಉದ್ದಕ್ಕೆ 0.63, ಹೊಳೆ ಹರಿಯುವ ದಿಕ್ಕಿಗೆ 0.49, ಮೇಲೆ-ಕೆಳಗೆ 0.34. ಕಟ್ಟುವಾಗ ಲೆಕ್ಕಕ್ಕೆ ಹಿಡಿದದ್ದು 0.05 ಮಾತ್ರ. ಹತ್ತು ಪಟ್ಟು ಮೀರಿ ನೀನು ನೂಕಿದೆ. ಕೊಯ್ನಾನಗರದ ಮನೆಗಳು ಕುಸಿದವು. ಸುಮಾರು 180 ಜನ ಸತ್ತರು. ಅಲ್ಲಿಂದ ಬರುತ್ತಿದ್ದ ವಿದ್ಯುತ್ತು ನಿಂತು ಮುಂಬಯಿಯ ಗಿರಣಿಗಳು ಸುಮ್ಮನಾದವು. ಅಣೆಕಟ್ಟಿನ ಮೇಲ್ಭಾಗದಲ್ಲಿ, ಹಿಂಬದಿಯ ಇಳಿಜಾರು ಥಟ್ಟನೆ ಕಡಿದಾಗುವ ಕತ್ತಿನ ಹತ್ತಿರ, ಬಿರುಕು ಬಿಟ್ಟಿತು. ಆದರೆ ಒಡೆಯಲಿಲ್ಲ. ಒಡೆದಿದ್ದರೆ ಕೃಷ್ಣೆಯ ದಂಡೆಯ ನಮ್ಮ ಊರುಗಳ ಹೆಸರು ಹೇಳಲು ಇಂದು ಯಾರಿರುತ್ತಿದ್ದರು? ಸತ್ತವರ ಮನೆಯವರ ಮುಂದೆ ಕೃತಜ್ಞತೆಯ ಮಾತಾಡಲು ನಾಚಿಕೆಯಾಗುತ್ತದೆ ತಾಯಿ. ಆದರೂ ಒಡೆಯದ ಆ ಕಟ್ಟೆಗಾಗಿ, ಅದರ ಹೊಟ್ಟೆಯಲ್ಲಿ ಎಚ್ಚರವಾದ ಆ ನಾಯಿಗಾಗಿ, ಕೈ ಮುಗಿಯುತ್ತೇನೆ.

ಮೂರು ಗೆರೆ ಎಳೆದ ಮಾತ್ರಕ್ಕೆ ಲೆಕ್ಕ ಮುಗಿಯಲಿಲ್ಲ. ಲೆಕ್ಕದವಳಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಗೆರೆ ಎಂದರೆ ಇನ್ನೂ ಕಚ್ಚಾ ಚೀಟಿ. ಅದರ ಅಂಕುಡೊಂಕನ್ನು ಕಣ್ಣಿಟ್ಟು ಹಿಂಬಾಲಿಸಿ, ಕ್ಷಣದ ಸಣ್ಣ ಸಣ್ಣ ಪಾಲಿಗೂ ಒಂದೊಂದು ಅಂಕಿ ಬರೆದು ಖತಾವಣಿ ಮಾಡಬೇಕು. ಆ ಅಂಕಿಗಳನ್ನು ಕೂಡಿಸುತ್ತ ಹೋದರೆ ವೇಗ ಸಿಗುತ್ತದೆ. ವೇಗವನ್ನು ಕೂಡಿಸುತ್ತ ಹೋದರೆ ನೆಲ ಎಷ್ಟು ಸರಿಯಿತು ಎಂಬುದು. ಆದರೆ ದಿನದ ಕಿರ್ದಿಯಲ್ಲಿ ಪೈಸೆ ತಪ್ಪಿದರೆ ವರ್ಷದ ಶಿಲ್ಕಿನಲ್ಲಿ ರೂಪಾಯಿಗಳೇ ತಪ್ಪುತ್ತವಲ್ಲ, ಹಾಗೆ ಕಾಗದ ಕೂದಲೆಳೆಯಷ್ಟು ಓರೆಯಾಗಿದ್ದರೂ ಎರಡನೇ ಕೂಡಿಕೆಗೆ ಬರುವಷ್ಟರಲ್ಲಿ ನೆಲವೇ ಊರು ಬಿಟ್ಟು ಹೋದಂತೆ ಲೆಕ್ಕ ತೋರಿಸುತ್ತದೆ. ತಳದ ಗೆರೆ ತಿದ್ದಬೇಕು, ಸುಳ್ಳು ಅಲೆಗಳನ್ನು ಸೋಸಬೇಕು, ಎಷ್ಟು ಸೋಸಿದೆ ಎಂಬುದನ್ನೂ ಬರೆದಿಡಬೇಕು. ಯಂತ್ರ ಎಲ್ಲಿತ್ತು, ಮಣ್ಣಿನ ಮೇಲೋ ಬಂಡೆಯ ಮೇಲೋ, ಯಾವ ಗೆರೆ ಯಾವ ದಿಕ್ಕಿನದು, ಇವು ಇಲ್ಲದ ದಾಖಲೆ ತಾರೀಖು-ಸಹಿಯಿಲ್ಲದ ವೌಚರು. ಕೊಯ್ನಾದ ಯಂತ್ರ ಬರಿನೆಲದ ಮೇಲಿರದೆ ಅಣೆಕಟ್ಟಿನೊಳಗೇ ಇದ್ದುದರಿಂದ ನಿನ್ನ ದನಿಯ ಜೊತೆ ಕಟ್ಟೆಯ ದನಿಯೂ ಅದರಲ್ಲಿ ಬೆರೆತಿರಬಹುದು ಎಂಬ ಎಚ್ಚರಿಕೆ ಅದನ್ನು ಓದುವವರಿಗೆ ಬೇಕಾಗುತ್ತದೆ. ದಾಖಲೆ ಇದ್ದುದರಿಂದಲೇ ಅದರ ಮೇಲೆ ಸಂಶಯಪಡುವ ಭಾಗ್ಯವೂ ಸಿಕ್ಕಿತು.

ರೂರ್ಕಿಯಲ್ಲಿ 1960ರಲ್ಲೇ ಭೂಕಂಪ ಇಂಜಿನಿಯರಿಂಗಿಗೆಂದು ಶಾಲೆಯೊಂದು ಶುರುವಾಗಿತ್ತು. ಅಲ್ಲಿನ ಜೈಕೃಷ್ಣ ಮತ್ತು ಜೊತೆಗಾರರು ಕೊಯ್ನಾದ ಗೆರೆಗಳನ್ನು ಬಿಡಿಸಿ ಓದಿ 1969ರಲ್ಲಿ ಪ್ರಕಟಿಸಿದರು. ಅವು ಸಮುದ್ರ ದಾಟಿದವು. ಬರ್ಕ್ಲಿಯಲ್ಲಿ ಅನಿಲ್ ಚೋಪ್ರಾ ಮತ್ತು ಚಕ್ರಬರ್ತಿ ಅದೇ ಅಂಕಿಗಳನ್ನು ಗಣಕಯಂತ್ರಕ್ಕೆ ಉಣಿಸಿ, ಅಣೆಕಟ್ಟು ಬಿರಿದದ್ದು ಆ ಕತ್ತಿನಲ್ಲೇ ಯಾಕೆ ಎಂದು 1973ರಲ್ಲಿ ತೋರಿಸಿದರು. ಹಳೆಯ ರೀತಿಯ ಲೆಕ್ಕದಲ್ಲಿ ಆ ಜಾಗಕ್ಕೆ ಅಪಾಯವೇ ಕಾಣುತ್ತಿರಲಿಲ್ಲ. ಇತ್ತ ಬಿರುಕುಗಳಿಗೆ ಎಪಾಕ್ಸಿ ತುಂಬಿ, ಉಕ್ಕಿನ ತಂತಿ ಬಿಗಿದು, ಬೆನ್ನಿಗೆ ಆಸರೆಗೋಡೆ ಕೊಟ್ಟು ಕಟ್ಟೆಯನ್ನು ನಿಲ್ಲಿಸಿದರು. 1970ರ ಪರಿಷ್ಕರಣೆಯಲ್ಲಿ ಸೊನ್ನೆ ವಲಯ ಎಂಬುದೇ ನಕಾಶೆಯಿಂದ ಅಳಿದುಹೋಯಿತು. ಕಟ್ಟೆಯೊಂದು ಹೇಗೆ ಬಿರಿಯುತ್ತದೆಂದು ಕಲಿಯುವ ವಿದ್ಯಾರ್ಥಿಗಳು ಇಂದಿಗೂ ದೇಶದೇಶಗಳಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಕೊಯ್ನೆಯನ್ನೇ ಅಲುಗಾಡಿಸಿ ನೋಡುತ್ತಾರೆ. ಅವ್ವ ಕಳ್ಳ ಬಂದನೆಂದು ತಿಳಿದ ಆ ಕೆಲವು ಕ್ಷಣಗಳು, ತಾಯಿ, ಅವರ ಪಾಠವಾಗಿವೆ.

ಇದು ಸಾಲ ತೀರಿಸಿದ ಹಾಗೂ ಆಯಿತು. ಅದಕ್ಕೂ ಮುಂಚೆ ನಾವು ಬೇರೆಯವರ ನೆಲದ ನಡುಕದಲ್ಲಿ ಬದುಕುತ್ತಿದ್ದೆವು. ಪ್ರಬಲ ಕಂಪನದ ಮೊದಲ ಬರಹ ಜಗತ್ತಿಗೆ ಸಿಕ್ಕಿದ್ದು 1933ರ ಮಾರ್ಚಿನಲ್ಲಿ, ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ. 1940ರ ಮೇ 18ರಂದು ಅದೇ ಸೀಮೆಯ ಎಲ್ ಸೆಂಟ್ರೋ ಎಂಬ ಊರಿನ ಯಂತ್ರ ಬರೆದ ಗೆರೆ ಲೋಕದ ಇಂಜಿನಿಯರುಗಳಿಗೆಲ್ಲ ಓಂ ನಾಮವಾಯಿತು. ಒಂದು ಕಂಪನಕ್ಕೆ ಬೇರೆ ಬೇರೆ ಕಟ್ಟಡ ಹೇಗೆ ತೂಗುತ್ತದೆ ಎಂಬುದಕ್ಕೆ ಅವರು ಒಂದು ಪಟ್ಟಿ ಮಾಡುತ್ತಾರೆ. ಒಂದೇ ತೊಲೆಗೆ ಗಿಡ್ಡ ಹಗ್ಗದ ತೊಟ್ಟಿಲು, ಉದ್ದ ಹಗ್ಗದ ತೊಟ್ಟಿಲು ಸಾಲಾಗಿ ಕಟ್ಟಿ ತೊಲೆಯನ್ನು ಅಲುಗಾಡಿಸಿದರೆ ಒಂದೊಂದೂ ಒಂದೊಂದು ತೆರ ತೂಗುತ್ತದಲ್ಲ, ಅದೇ ಲೆಕ್ಕ. ರೂರ್ಕಿಯವರು ಬೇರೆ ಬೇರೆ ಗತಿಯ ಲೋಲಕಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು, ಮಸಿ ಹಿಡಿಸಿದ ಗಾಜಿನ ಮೇಲೆ ಗೀಚಿಸುವ ಅಗ್ಗದ ಉಪಕರಣವನ್ನೂ ಊರೂರಿಗೆ ಇಟ್ಟರು. ನಮ್ಮ ಸಂಹಿತೆಯ ಹಳೆಯ ಆವೃತ್ತಿಗಳಲ್ಲಿದ್ದ ತೊಟ್ಟಿಲ ಪಟ್ಟಿ ಅಮೆರಿಕದ ಪಶ್ಚಿಮ ಕರಾವಳಿಯ ದಾಖಲೆಗಳಿಂದ ಬಂದದ್ದು. ಪುಣೆಯ ಮನೆಯ ಕಂಬಕ್ಕೆ ಎಲ್ ಸೆಂಟ್ರೋದ ಅಲುಗಾಟವೇ ಅಳತೆಗೋಲು. ಅವರು ಬಚ್ಚಿಟ್ಟುಕೊಳ್ಳದೆ ಹಂಚಿದ್ದರಿಂದ ನಮಗಷ್ಟಾದರೂ ಸಿಕ್ಕಿತು. ಆ ಗುರುತಿಲ್ಲದ ಊರಿನ ಪುಣ್ಯವೂ ನಿನ್ನ ಲೆಕ್ಕದಲ್ಲಿ ಜಮೆಯಾಗಿರಲಿ.

ಈಗ ಖರ್ಚಿನ ಪುಟ.

1993ರ ಸೆಪ್ಟೆಂಬರ್ 30. ಹಿಂದಿನ ದಿನ ಅನಂತ ಚತುರ್ದಶಿ. ಪುಣೆಯ ಗಣಪತಿಗಳು ರಾತ್ರಿಯಿಡೀ ನಡೆದು ಮುಳುಗುತ್ತಿದ್ದವು. ಡೋಲು-ತಾಶೆಯ ಸದ್ದಿನಲ್ಲಿ ನಮಗೆ ಏನೂ ತಿಳಿಯಲಿಲ್ಲ. ನಸುಕಿನ 3 ಗಂಟೆ 56 ನಿಮಿಷಕ್ಕೆ ಲಾತೂರು ಜಿಲ್ಲೆಯ ಕಿಲ್ಲಾರಿಯ ಕೆಳಗೆ ನೀನು ಹೊರಳಿದೆ. ಗಣಪತಿ ಕಳಿಸಿ ಬಂದು ಮಲಗಿದವರ ಮೇಲೆ ಮನೆಗಳು ಬಿದ್ದವು. ಸರಕಾರದ ಲೆಕ್ಕದಲ್ಲೇ ಸತ್ತವರು ಎಂಟು ಸಾವಿರದ ಹತ್ತಿರ. ಕೆಸರು ಮಣ್ಣಿನಲ್ಲಿ ಕಲ್ಲು ಕೂಡಿಸಿದ ಮೊಳದಗಲದ ಗೋಡೆ, ಮೇಲೆ ಮೇಲ್ಮುದ್ದೆ. ಮಳೆಗಾಲಕ್ಕೆ ಸೋರದಿರಲೆಂದು ಮತ್ತೆ ಮತ್ತೆ ಹೊಸ ಮಣ್ಣು ಹೊದಿಸಿ ಹೊದಿಸಿ ಆ ಮಾಳಿಗೆ ಒಂದೆರಡು ಅಡಿ ದಪ್ಪಗಾಗಿತ್ತು. ನಮ್ಮ ಬೀದರ, ಕಲಬುರಗಿ, ವಿಜಯಪುರದ ಹಳ್ಳಿಮನೆಗಳೂ ಹಾಗೆಯೇ ಅಲ್ಲವೇ ತಾಯಿ? ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ ಎಂದು ನಾವು ಹೊಗಳಿದ ಮನೆಗಳು.

ಕ್ಯಾಂಪಿನವರು ಕಂಬಳಿ, ಸ್ಟವ್, ಪಾತ್ರೆ ಕೂಡಿಸಿ ಲಾರಿ ಕಳಿಸಿದರು. ಅದರ ಹಿಂದೆ ನಾವೂ ಕೆಲವರು ಹೋದೆವು. ಉಮರ್ಗಾ ಕಡೆಯ ಒಂದು ತಗಡಿನ ನೆರಳಿನಲ್ಲಿ ಕೂತಿದ್ದ ಮುದುಕಿ ನನ್ನ ಮಾತಿನ ರಾಗ ಹಿಡಿದು ಕನ್ನಡದಲ್ಲೇ ಮಾತಾಡಿಸಿದಳು. ಆ ಸೀಮೆ ಇಂದಿಗೂ ನಮ್ಮ ಎಳ್ಳ ಅಮಾವಾಸ್ಯೆಯನ್ನು ಆಚರಿಸುತ್ತದೆ. ಹೊಲದಲ್ಲಿ ನಿನಗೆ ಚರಗ ಚೆಲ್ಲಿಯೇ ಉಣ್ಣುತ್ತದೆ. "ಹ್ವಾದ ವರ್ಷನ ಹೇಳಿದ್ಳವ್ವಾ ಭೂಮ್ತಾಯಿ. ನಮಗ ತಿಳೀಲಿಲ್ಲ" ಅಂದಳು. ನಿಜವೇ. 1992ರ ಆಗಸ್ಟಿನಿಂದ ಅಕ್ಟೋಬರಿನವರೆಗೆ ಅಲ್ಲಿ ನೂರಕ್ಕೂ ಹೆಚ್ಚು ಸಲ ನೀನು ಮಿಸುಕಿದ್ದೆ. ಅಕ್ಟೋಬರ್ 18ರಂದು ಗೋಡೆ ಬಿರಿಯುವಷ್ಟು. ಜನ ಹೊರಗೆ ಮಲಗಿದರು, ಆಮೇಲೆ ಅಭ್ಯಾಸವಾಯಿತು, ಒಳಗೆ ಮಲಗಿದರು. ಅಷ್ಟಾದ ಮೇಲೂ ಆ ನಸುಕಿನಲ್ಲಿ ಕಿಲ್ಲಾರಿಯ ಹತ್ತಿರ ಪ್ರಬಲ ಕಂಪನ ಬರೆಯುವ ಒಂದೇ ಒಂದು ಯಂತ್ರವಿರಲಿಲ್ಲ. ಎಂಟು ಸಾವಿರ ಜೀವ ತೆಗೆದ ಆ ಅಲುಗಾಟ ಎಂಥದು, ಎಷ್ಟು ಹೊತ್ತಿನದು, ಯಾವ ದಿಕ್ಕಿನದು? ಅದರ ಪುಟ ಖಾಲಿ. ಮನೆಗಳು ಬಿದ್ದ ರೀತಿ ನೋಡಿ, ಆಮೇಲಿನ ಸಣ್ಣ ಕಂಪನಗಳನ್ನು ಅಳೆದು, ಪಂಡಿತರು ಅಂದಾಜು ಮಾಡಬೇಕಾಯಿತು.

2001ರ ಜನವರಿ 26ರಂದು ಭುಜ್ ನೆಲಕಚ್ಚಿದಾಗಲೂ ಹೆಚ್ಚುಕಡಿಮೆ ಅದೇ ಕತೆ. ಎದ್ದು ಕೂತು ಬರೆದ ಯಂತ್ರ 200 ಕಿಲೋಮೀಟರಿಗೂ ಆಚೆ, ಅಹಮದಾಬಾದಿನಲ್ಲಿ, ಪಾಸ್‌ಪೋರ್ಟ್ ಕಚೇರಿಗೆ ಸೇರಿದ ಕಟ್ಟಡದಲ್ಲಿತ್ತು. ಊರು ಸುಟ್ಟ ಬೆಂಕಿಯನ್ನು ಮೂರನೆಯ ಊರಿನ ಹೊಗೆಯಿಂದ ಅಳೆದಂತೆ.

ಕಿಲ್ಲಾರಿಯ ಖಾಲಿ ಪುಟಕ್ಕೆ ಬೈಯುವ ಅಧಿಕಾರ ನನಗಿಲ್ಲ ತಾಯಿ. ಈಗ ತಪ್ಪೊಪ್ಪಿಗೆಯ ಹೊತ್ತು.

ಅಪ್ಪ ತೀರಿಕೊಂಡ ಮೇಲೆ ಹಳೆಯ ಕಟ್ಟಡ ಬಿಟ್ಟು ಈ ಮನೆಗೆ ಬರುವಾಗ, ಟ್ರಂಕಿನ ತಳದಲ್ಲಿ ಆ ಕೆಂಪು ವಹಿ ಸಿಕ್ಕಿತು. ನಾನದನ್ನು ಬಿಡಿಸಿ ನೋಡಿದೆ ಕೂಡ. ನೀರು ಅಲುಗಿತು, ನೀರು ಅಲುಗಲಿಲ್ಲ. ಅಪ್ಪನ ಹುಚ್ಚು ಅಂದುಕೊಂಡೆ. ಜಾಗ ಕಡಿಮೆ, ಧೂಳು ಬಹಳ. ಹಳೆಯ ಪತ್ರಿಕೆಗಳ ಜೊತೆ ರದ್ದಿಯವನ ತಕ್ಕಡಿಗೆ ಹಾಕಿದೆ. ಕಚೇರಿಯಲ್ಲಿ ಒಂದು ಚೀಟಿ ಕಳೆದರೆ ಇಡೀ ದಿನ ಹುಡುಕುತ್ತಿದ್ದ ಕೈ ಇದು. ಖಡಕವಾಸ್ಲಾದ ಆ ಹಿರಿಯರು ಕೊಯ್ನಾದ ಕತೆ ಹೇಳಿದ ದಿನ ನಾನು ಹೆಮ್ಮೆಯಿಂದ ಅಪ್ಪನ ತಂಬಿಗೆಯ ಮಾತು ತೆಗೆದೆ. ಅವರು ಕುರ್ಚಿಯಿಂದ ಮುಂದೆ ಸರಿದು ಕೇಳಿದರು, "ಎಲ್ಲೈತ್ರೀ ಆ ವಹಿ? ಯಾವ ದಿನ, ಎಷ್ಟೊತ್ತಿಗೆ, ಎಷ್ಟನೇ ಅಂತಸ್ತಿನಾಗ, ಯಾವ ಗೋಡಿ ಮ್ಯಾಲಿನ ಪಾತ್ರಿ ಬಿತ್ತು... ಯಂತ್ರ ಇಲ್ಲದ ಕಡೆ ನಮಗ ಅದ ಯಂತ್ರ." ನಾನು ಉತ್ತರ ಹೇಳಲಿಲ್ಲ. ಚಹಾ ತರುವ ನೆಪ ಮಾಡಿ ಒಳಗೆ ಎದ್ದು ಹೋದೆ. ಕ್ಯಾಂಪಿನ ಒಂದು ಓಣಿ ನಿನ್ನ ಮಾತನ್ನು ಎರಡು ತಿಂಗಳು ಬರೆದುಕೊಂಡದ್ದು ಕಿಲೋ ಲೆಕ್ಕದಲ್ಲಿ ಹೋಯಿತು. ಹಾಕಿದವಳು ನಾನು.

ಆದ್ದರಿಂದ ಬೇಡುವಾಗ ನನ್ನಂಥವರನ್ನು ಕಣ್ಣ ಮುಂದಿಟ್ಟುಕೊಂಡೇ ಬೇಡುತ್ತೇನೆ.

ಅಲುಗಬೇಡ ಎಂದು ಬೇಡುವುದಿಲ್ಲ. ಅದು ನಿನ್ನ ಬದುಕು. ಶೀಗಿ ಹುಣ್ಣಿಮೆಗೆ ನಿನ್ನನ್ನು ಬಸುರಿ ಎಂದು ಆರತಿ ಎತ್ತುವವರು ನಾವು, ಬಸುರಿ ಮಗ್ಗಲು ಬದಲಿಸಬಾರದು ಅನ್ನಲಾದೀತೇ? ನೀನು ಅಲುಗುವಾಗ ನಮ್ಮ ಕಡೆಯವರು ಯಾರಾದರೂ ಎಚ್ಚರವಿರಲಿ, ಅಷ್ಟು ಮಾಡು. ಹಿಮಾಲಯದ ಸೆರಗಿನಲ್ಲಿ ಈಗ ಕಾವಲು ಒಂದಷ್ಟು ಉಂಟು. ರೂರ್ಕಿಯವರು ಕಟ್ಟಿದ ಸುಮಾರು 300 ಯಂತ್ರಗಳ ಜಾಲದಲ್ಲಿ ಬಹುಪಾಲು ಆ ಕಡೆಯವು. ಅಲ್ಲಿ ಅಪಾಯ ಹೆಚ್ಚು, ನ್ಯಾಯವೇ. ಆದರೆ ಈ ಕರಿಗಲ್ಲಿನ ನಾಡನ್ನೂ ಮತ್ತೆ ಸೊನ್ನೆ ಎಂದು ತಿಳಿಯದ ಬುದ್ಧಿ ಕೊಡು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದವರು ಮನೆ ಬಿಟ್ಟು ಬಯಲಲ್ಲಿ ಮಲಗಿದ ಸುದ್ದಿ ಓದಿದಾಗ ನನಗೆ ಆ ತಗಡಿನ ನೆರಳಿನ ಮುದುಕಿಯೇ ಕಂಡಳು. ಅಂಥ ಊರುಗಳ ಶಾಲೆಯ ಮೂಲೆಗಳಲ್ಲಿ, ಪಂಚಾಯಿತಿ ಕಚೇರಿಯ ನೆಲದಲ್ಲಿ, ಒಂದೊಂದು ಯಂತ್ರ ಮಲಗಿರಲಿ. ಎಂದೂ ಏಳುವ ಕೆಲಸ ಬೀಳದಿದ್ದರೆ ಅದೇ ನಿನ್ನ ಪ್ರಸಾದ.

ಬರೆದದ್ದು ಉಳಿಯಲಿ. ಫೋಟೋ ಕಾಗದ ಹಳದಿಯಾಗುತ್ತದೆ, ಫಿಲ್ಮು ಹುಳಿವಾಸನೆ ಹಿಡಿದು ಸುರುಟುತ್ತದೆ, ಟೇಪು ಇದ್ದರೂ ಅದನ್ನು ಓದುವ ಯಂತ್ರ ಗುಜರಿಗೆ ಹೋಗಿರುತ್ತದೆ. ಹಳೆಯ ಪಾತ್ರೆಯಿಂದ ಹೊಸ ಪಾತ್ರೆಗೆ ಹೆಪ್ಪು ಸಾಗಿಸುವಂತೆ, ತಲೆಮಾರಿಗೊಮ್ಮೆ ಈ ಗೆರೆಗಳನ್ನು ಹೊಸ ರೂಪಕ್ಕೆ ಸಾಗಿಸುವವರಿಗೆ ಸಂಬಳವೂ ತಾಳ್ಮೆಯೂ ಇರಲಿ. ಸುರಂಗದಾರಿಯಲ್ಲಿ ಟಾರ್ಚು ಹಿಡಿದು ನಡೆದು, ಏನೂ ಆಗದ ವರ್ಷಗಳಲ್ಲಿಯೂ ಯಂತ್ರದ ಬ್ಯಾಟರಿ ನೋಡಿ, ಕಾಗದ ಬದಲಿಸಿ ಬಂದವರ ಹೆಸರು ಯಾವ ಪ್ರಬಂಧದಲ್ಲೂ ಬರುವುದಿಲ್ಲ. ಅವರ ಹೆಸರು ನಿನಗೆ ಗೊತ್ತಿರುತ್ತದೆ.

ಉಳಿದದ್ದು ಹಂಚಿಕೆಯಾಗಲಿ. 1995ರಲ್ಲಿ ಕೋಬೆ ನಗರ ಉರುಳಿದ ಮೇಲೆ ಜಪಾನಿನವರು ಮರುವರ್ಷದಿಂದಲೇ ದೇಶದ ಉದ್ದಗಲಕ್ಕೆ ಸುಮಾರು ಸಾವಿರ ಯಂತ್ರ ನೆಟ್ಟು, ಅವು ಬರೆದದ್ದನ್ನು ಇಂಟರ್ನೆಟ್ಟಿನಲ್ಲಿ ಲೋಕದ ಮುಂದೆ ಸುರಿದರು. ಯಾರು ಬೇಕಾದರೂ ಮೊಗೆದುಕೊಳ್ಳಬಹುದು. ಹೊಲದಲ್ಲಿ ಚರಗ ಚೆಲ್ಲುವವನು ಯಾವ ಹಕ್ಕಿ ತಿಂದೀತೆಂದು ಕೇಳುತ್ತಾನೆಯೇ? ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿಟ್ಟ ದಾಖಲೆ ಭದ್ರವಾಗಿರುತ್ತದೆ, ನಿಜ. ಅಪ್ಪನ ಟ್ರಂಕಿನ ತಳದಲ್ಲಿಯೂ ವಹಿ ಭದ್ರವಾಗಿಯೇ ಇತ್ತು. ಓದುವವರ ಕಣ್ಣಿಗೆ ಒಮ್ಮೆ ಬಿದ್ದಿದ್ದರೆ ಅದು ತಕ್ಕಡಿಗೆ ಬೀಳುತ್ತಿರಲಿಲ್ಲ.

ನನ್ನ ಕ್ಯಾಂಪನ್ನು ಮರೆಯಬೇಡ. 1825ರ ಸೇಂಟ್ ಮೇರಿ ಇಗರ್ಜಿ, 1867ರ ಲಾಲ್ ದೇವುಳ, ಬಾಬಾಜಾನ್ ದರ್ಗಾದ ಸುತ್ತಲಿನ ಹಳೆಯ ಮನೆಗಳು, ಕಟ್ಟಿಗೆ ಮೆಟ್ಟಿಲಿನ ಮಾಳಿಗೆಗಳು, ಇವನ್ನು ಕಟ್ಟಿದವರ ಕೈಯಲ್ಲಿ ನಿನ್ನ ನಡುಕದ ಅಂಕಿ ಒಂದೂ ಇರಲಿಲ್ಲ. ಕಣ್ಣಳತೆಯ ಮೇಲೆ, ನಂಬಿಕೆಯ ಮೇಲೆ ಎತ್ತಿದರು. 1967ರ ನಸುಕನ್ನೂ ಅವು ದಾಟಿ ಬಂದವು. ಈಗಿನವರ ಕೈಯಲ್ಲಿ ಅಂಕಿಗಳಿವೆ. ನಮ್ಮ ಓಣಿಯಲ್ಲಿ ಹಳೆಯದನ್ನು ಕೆಡವಿ ಎತ್ತರೆತ್ತರ ಕಟ್ಟುತ್ತಿರುವವರು ಆ ಅಂಕಿಗಳನ್ನು ನಕಾಶೆಯ ಕಾಗದದಲ್ಲಿ ಬಿಡದೆ ಕಂಬದ ಕಬ್ಬಿಣಕ್ಕೂ ಇಳಿಸಲಿ.

ಗಂಟೆ 4 ಮೀರಿ ಇಪ್ಪತ್ತಾಯಿತು. ಮೊಣಕಾಲೂರಿ ತಂಬಿಗೆಯ ಮೇಲೆ ಬಗ್ಗಿದ್ದೇನೆ. ಬೀದಿದೀಪ ನೀರಿನೊಳಗೆ ಒಂದು ಚುಕ್ಕೆಯಾಗಿ ಕೂತಿದೆ. ದೂರದಲ್ಲೆಲ್ಲೋ ಲಾರಿಯೊಂದು ಗೇರು ಬದಲಿಸಿತು; ಚುಕ್ಕೆ ಒಮ್ಮೆ ಸೀಳಿ, ಕೂಡಿಕೊಂಡಿತು. ಅದು ನೀನಲ್ಲ, ಲಾರಿ. ಅದನ್ನೂ ಬರೆಯಬೇಕು, ಇಲ್ಲವಾದರೆ ಮುಂದೆ ಓದುವವರು ನೀನೆಂದು ತಿಳಿದಾರು.

ಮೊನ್ನೆ ಲಕ್ಷ್ಮೀ ರಸ್ತೆಯಲ್ಲಿ ಅರ್ಧ ದಿನ ಅಲೆದು ಕೆಂಪು ಬಟ್ಟೆಯ ಹೊದಿಕೆಯ ವಹಿ ತಂದಿದ್ದೇನೆ. ಮೊದಲ ಪುಟಕ್ಕೆ ಶ್ರೀಕಾರ ಹಾಕಿ, ಅದರ ಕೆಳಗೆ ಮನೆಯ ವಿಳಾಸ, ಅಂತಸ್ತು, ಅಡುಗೆಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂಬುದನ್ನು ಬರೆದಿಟ್ಟಿದ್ದೇನೆ. ಈಗ ಎರಡನೆಯ ಪುಟ.

ಡಿಸೆಂಬರ್ 11. ನಸುಕು 4-20, ಲಾರಿ ಹೋಯಿತು. 4-21, ನೀರು ಅಲುಗಲಿಲ್ಲ.